ಡೆಂಟಲ್ ಹೈಜೀನಿಸ್ಟ್ ಆಗುವುದು ಹೇಗೆ? ಮಂಡ್ಯ, ಮೈಸೂರು ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಕೆಳಗಿನ ಸಾಲಿನ ಮುಂದಿನ ಹಲ್ಲುಗಳ ಹಿಂಬದಿಗೆ ಒಮ್ಮೆ ನಾಲಿಗೆ ಆಡಿಸಿ ನೋಡಿ. ನುಣ್ಣಗಿದ್ದರೆ ಸಂತೋಷ. ತರಿತರಿಯಾಗಿ, ಹಲ್ಲಿಗೂ ಒಸಡಿಗೂ ನಡುವೆ ಸಣ್ಣ ಜಗಲಿ ಕಟ್ಟಿದ ಹಾಗೆ ಸಿಕ್ಕರೆ ಅದೇ ಗಾರೆ. ನಾಲಿಗೆಯ ಅಡಿಯಲ್ಲೇ ಜೊಲ್ಲಿನ ನಾಳ ಬಂದು ತೆರೆದುಕೊಳ್ಳುತ್ತದೆ. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಮೊದಲು ಮುಟ್ಟುವುದು ಈ ಹಲ್ಲುಗಳನ್ನು. ಬ್ರಷ್‌ಗೆ ಸಿಗದೆ ಉಳಿದ ಪಾಚಿ ಒಂದೆರಡು ದಿನದಲ್ಲೇ ಗಟ್ಟಿಯಾಗತೊಡಗಿ, ಎರಡು ವಾರ ಕಳೆಯುವಷ್ಟರಲ್ಲಿ ಕಲ್ಲಿನಂತಾಗುತ್ತದೆ. ಆಮೇಲೆ ಯಾವ ಪೇಸ್ಟಿಗೂ ಹಲ್ಲುಪುಡಿಗೂ ಅದು ಜಗ್ಗುವುದಿಲ್ಲ. ಉಪಕರಣ ಹಿಡಿದು ಬಿಡಿಸಬೇಕು. ಹಾಗೆ ಬಿಡಿಸುವುದು, ಮತ್ತೆ ಕಟ್ಟದಂತೆ ನೋಡಿಕೊಳ್ಳುವುದನ್ನು ಹೇಳಿಕೊಡುವುದು, ಇವೆರಡೇ ಡೆಂಟಲ್ ಹೈಜೀನಿಸ್ಟ್ ಕೆಲಸದ ಮೂಲ.

ನನ್ನ ಊರು ಪಾಂಡವಪುರ ತಾಲ್ಲೂಕು, ಕೆಲಸ ಮೈಸೂರಿನಲ್ಲಿ. ಈ ಕೆಲಸಕ್ಕೆ ಬಂದು ಹನ್ನೊಂದು ವರ್ಷವಾಯಿತು. ಪಿಯುಸಿ ಫಲಿತಾಂಶ ಬಂದಾಗಲೆಲ್ಲ ಊರಿನಿಂದ ಫೋನ್ ಬರುತ್ತದೆ: "ಅಕ್ಕ, ನೀಟ್‌ನಲ್ಲಿ ಬರಲಿಲ್ಲ. ನರ್ಸಿಂಗ್ ಬಿಟ್ರೆ ಆಸ್ಪತ್ರೆ ಕಡೆ ಇನ್ನೇನಿದೆ?" ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳುತ್ತಿದ್ದುದನ್ನು ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಮೊದಲು ನಾಲ್ಕು ಕೆಲಸಗಳ ವ್ಯತ್ಯಾಸ ತಿಳಿಯಿರಿ

ಹಲ್ಲಿನ ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿದವರೆಲ್ಲ ಒಂದೇ ಅಲ್ಲ. ದಂತವೈದ್ಯರು ಬಿಡಿಎಸ್ ಓದಿದವರು. ಅದಕ್ಕೆ ನೀಟ್ ಬೇಕು, ಇಂಟರ್ನ್‌ಶಿಪ್ ಸೇರಿ ಐದು ವರ್ಷ. ಡೆಂಟಲ್ ಮೆಕ್ಯಾನಿಕ್ ಲ್ಯಾಬ್‌ನಲ್ಲಿ ಕೂತು ಹಲ್ಲಿನ ಸೆಟ್ಟು, ಕ್ಯಾಪು ಮಾಡುವವರು. ರೋಗಿಯ ಬಾಯಿಗೆ ಅವರು ಕೈ ಹಾಕುವುದಿಲ್ಲ. ಡೆಂಟಲ್ ಅಸಿಸ್ಟೆಂಟ್ ವೈದ್ಯರ ಪಕ್ಕದಲ್ಲಿ ನಿಂತು ಉಪಕರಣ ಕೊಡುತ್ತಾರೆ, ಜೊಲ್ಲು ಹೀರುವ ಸಕ್ಷನ್ ಹಿಡಿಯುತ್ತಾರೆ. ಹೈಜೀನಿಸ್ಟ್ ಮಾತ್ರ ರೋಗಿಯ ಬಾಯಲ್ಲಿ ಸ್ವತಃ ಕೆಲಸ ಮಾಡುತ್ತಾರೆ, ವೈದ್ಯರ ಉಸ್ತುವಾರಿಯಲ್ಲಿ.

ಇದಕ್ಕೆ ಕಾನೂನಿನ ಆಧಾರ ಇದೆ. 1948ರ ದಂತವೈದ್ಯರ ಕಾಯ್ದೆಯಲ್ಲಿ ಡೆಂಟಲ್ ಹೈಜೀನಿಸ್ಟ್ ಅಂದರೆ ಯಾರು ಎಂದು ಬರೆದಿದೆ: ದಂತವೈದ್ಯರೂ ಅಲ್ಲದ, ವೈದ್ಯರೂ ಅಲ್ಲದ, ಹಲ್ಲಿನ ಸ್ಕೇಲಿಂಗ್ (ಅಂದರೆ ಗಾರೆ ಬಿಡಿಸುವುದು), ಸ್ವಚ್ಛತೆ, ಪಾಲಿಶಿಂಗ್ ಮಾಡುವ ಅಥವಾ ಹಲ್ಲಿನ ಶುಚಿತ್ವದ ಬಗ್ಗೆ ತಿಳಿವಳಿಕೆ ಕೊಡುವ ವ್ಯಕ್ತಿ. ಹಲ್ಲು ಕೀಳುವುದು, ಹುಳುಕು ತುಂಬುವುದು, ಮಾತ್ರೆ ಬರೆಯುವುದು ಇದರಲ್ಲಿ ಇಲ್ಲ. ನೋಂದಣಿ ಇಲ್ಲದವರು ಸ್ಕೇಲಿಂಗ್ ಮಾಡುವಂತಿಲ್ಲ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವುದೆಲ್ಲ ಇದರ ಮೇಲೆ ನಿಂತಿದೆ. ಈ ಕಾಯ್ದೆಯ ಜಾಗಕ್ಕೆ ತರಲೆಂದು 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಪಾಸು ಮಾಡಿದೆ. ಹಾಗಾಗಿ ಅರ್ಜಿ, ವೆಬ್‌ಸೈಟ್‌ಗಳಲ್ಲಿ ದಂತ ಪರಿಷತ್ತು (ಹಳೆಯ ಕಾಯ್ದೆಯ ನೋಂದಣಿ ಸಂಸ್ಥೆ) ಅಂತಲೂ ಆಯೋಗ ಅಂತಲೂ ಎರಡು ಹೆಸರು ಕಂಡರೆ ಗಾಬರಿಯಾಗಬೇಡಿ.

ವೃತ್ತಿ ಹುಟ್ಟಿದ್ದು ಅಮೆರಿಕದ ಬ್ರಿಜ್‌ಪೋರ್ಟ್ ಊರಿನಲ್ಲಿ. ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯರು 1906ರಲ್ಲಿ ತಮ್ಮ ಸಹಾಯಕಿ ಐರಿನ್ ನ್ಯೂಮನ್ ಅವರಿಗೆ ಹಲ್ಲು ಶುಚಿ ಮಾಡುವುದನ್ನು ಕಲಿಸಿದರು. 1913ರಲ್ಲಿ ಶಾಲೆಯನ್ನೇ ತೆರೆದರು. ಹಲ್ಲು ಹಾಳಾದ ಮೇಲೆ ಕೀಳುವುದಕ್ಕಿಂತ ಹಾಳಾಗದಂತೆ ನೋಡಿಕೊಳ್ಳೋಣ ಎಂಬುದು ಅವರ ಯೋಚನೆ. ನೂರು ವರ್ಷ ಕಳೆದರೂ ನಮ್ಮ ಕಡೆ ಈ ಕೆಲಸದ ಹೆಸರೇ ಬಹಳ ಮನೆಗಳಿಗೆ ತಲುಪಿಲ್ಲ ಅನ್ನುವುದು ನನಗೆ ನೋವಿನ ವಿಷಯ.

ಕೋರ್ಸ್ ಆರಿಸುವಾಗ: ಫೀಸ್ ಕಟ್ಟುವ ಮೊದಲು ಕೇಳಬೇಕಾದ್ದು

ಇಲ್ಲಿ ನಾನು ಎಡವಿದ್ದೆ, ಅದನ್ನೇ ಮೊದಲು ಹೇಳುತ್ತೇನೆ. ಪಿಯುಸಿ ಮುಗಿದ ವರ್ಷ ಒಂದು ಸಂಸ್ಥೆಯವರು "ಆರು ತಿಂಗಳ ಡೆಂಟಲ್ ಕೋರ್ಸ್, ಕೆಲಸ ಗ್ಯಾರಂಟಿ" ಅಂದರು. ಅಪ್ಪ ಕಬ್ಬಿನ ದುಡ್ಡು ಬಂದ ಕೂಡಲೇ ಫೀಸ್ ಕಟ್ಟಿದರು. ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ಹಿಡಿದು ಒಂದು ಕ್ಲಿನಿಕ್‌ಗೆ ಹೋದೆ. ಅಲ್ಲಿನ ಮೇಡಂ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ರಿಜಿಸ್ಟ್ರೇಷನ್ ಆಗಲ್ಲಮ್ಮ. ಫೋನ್ ಎತ್ತೋದು, ಅಪಾಯಿಂಟ್‌ಮೆಂಟ್ ಬರೆಯೋದು ಆದ್ರೆ ಇರು" ಅಂದರು. ಒಂದು ವರ್ಷ ಹೋಯಿತು, ದುಡ್ಡೂ ಹೋಯಿತು. ಮುಂದಿನ ವರ್ಷ ಮತ್ತೆ ಮೊದಲಿನಿಂದ ಶುರು ಮಾಡಿದೆ.

ಆದ್ದರಿಂದ ಯಾವ ಕಾಲೇಜಿನ ಬಾಗಿಲಿಗೆ ಹೋದರೂ ಮೊದಲ ಪ್ರಶ್ನೆ ಇದಿರಲಿ: "ಈ ಡಿಪ್ಲೊಮಾ ಮುಗಿಸಿದರೆ ಕರ್ನಾಟಕ ರಾಜ್ಯ ದಂತ ಪರಿಷತ್ತಿನಲ್ಲಿ ಡೆಂಟಲ್ ಹೈಜೀನಿಸ್ಟ್ ಅಂತ ನೋಂದಣಿ ಆಗುತ್ತದೆಯೇ?" ಹೌದು ಅಂದರೆ ಮಾನ್ಯತೆಯ ಆದೇಶ ಪತ್ರ ತೋರಿಸಿ ಅನ್ನಿ. ಅದರಲ್ಲಿ ಕೋರ್ಸಿನ ಹೆಸರು, ಸೀಟುಗಳ ಸಂಖ್ಯೆ, ಯಾವ ವರ್ಷಕ್ಕೆ ಎಂಬುದು ಇರುತ್ತದೆ. ಫೋಟೊ ತೆಗೆದುಕೊಳ್ಳಿ. "ಅರ್ಜಿ ಹಾಕಿದ್ದೇವೆ, ಬಂದೇ ಬರುತ್ತದೆ" ಅಂದರೆ ಎದ್ದು ಬನ್ನಿ. ಎರಡನೆಯ ಪ್ರಶ್ನೆ, ಹಿಂದಿನ ಬ್ಯಾಚಿನಲ್ಲಿ ಓದಿದ ಇಬ್ಬರ ನಂಬರು. ಅವರಿಗೆ ಫೋನ್ ಮಾಡಿ ನೋಂದಣಿ ಸಂಖ್ಯೆ ಸಿಕ್ಕಿದೆಯಾ, ದಿನಕ್ಕೆ ಎಷ್ಟು ರೋಗಿಗಳ ಮೇಲೆ ಕೈಯಾಡಿಸಲು ಬಿಟ್ಟರು ಅಂತ ಕೇಳಿ. ಪ್ರಾಸ್ಪೆಕ್ಟಸ್‌ನಲ್ಲಿ ಸಿಗದ ಸತ್ಯ ಅಲ್ಲಿ ಸಿಗುತ್ತದೆ.

ಕೋರ್ಸ್ ಎರಡು ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದ್ದರೆ ದಾರಿ ನೇರ. ನೀಟ್ ಬೇಕಿಲ್ಲ. ಮೈಸೂರಿನಲ್ಲಿ ವಿಚಾರಿಸಲು ಎರಡು ದಂತ ಕಾಲೇಜುಗಳಿವೆ: 1987ರಲ್ಲಿ ಶುರುವಾದ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜು ಮತ್ತು ಫಾರೂಕಿಯಾ ದಂತ ಕಾಲೇಜು. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ಬಿಡಿಎಸ್‌ಗೆ ಹೆಸರಾದ ಕಾಲೇಜಿನಲ್ಲಿ ಹೈಜೀನಿಸ್ಟ್ ಡಿಪ್ಲೊಮಾ ಇದ್ದೇ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಇದರ ಸೀಟುಗಳು ಕಡಿಮೆ, ಬ್ಯಾಚು ತುಂಬದೆ ಹೋದರೆ ಆ ವರ್ಷ ನಡೆಸದಿರುವುದೂ ಉಂಟು. ಮೇ ತಿಂಗಳಲ್ಲೇ ಕಚೇರಿಗೆ ಖುದ್ದಾಗಿ ಹೋಗಿ ಕೇಳಿ.

ಮಂಡ್ಯದಿಂದ ಮೈಸೂರು ನಲವತ್ತೈದು ಕಿಲೋಮೀಟರ್ ಆಸುಪಾಸು. ದಿನಾ ಓಡಾಡಿ ಓದಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸು ಉಚಿತವಾಗಿರುವುದರಿಂದ ಹಾಸ್ಟೆಲ್ ಖರ್ಚು ಉಳಿಸುವವರಿದ್ದಾರೆ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಆಧಾರ್‌ನಲ್ಲಿರುವ ಹೆಸರೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರೂ ಒಂದೇ ಇದೆಯಾ ನೋಡಿ. ಒಂದು ಇನಿಷಿಯಲ್ ಹೆಚ್ಚುಕಡಿಮೆ ಆದರೂ ಮುಂದೆ ನೋಂದಣಿಯ ತನಕ ಕಾಡುತ್ತದೆ.

ಎರಡು ವರ್ಷ: ಓದಿಗಿಂತ ಕೈ

ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಗಳು, ಹಲ್ಲಿನ ವಸ್ತುಗಳು, ಎಕ್ಸ್‌ರೇ, ಆರೋಗ್ಯ ಶಿಕ್ಷಣ ಎಲ್ಲಾ ಇರುತ್ತದೆ. ಓದಿದರೆ ಬರುತ್ತದೆ. ಹಲ್ಲುಗಳ ನಂಬರ್ ಮೊದಲ ವಾರವೇ ಬಾಯಿಪಾಠ ಮಾಡಿ: ಬಾಯಿಯನ್ನು ನಾಲ್ಕು ಭಾಗ ಮಾಡಿ ಒಂದೊಂದಕ್ಕೆ ಎಂಟು ಹಲ್ಲು, 11ರಿಂದ 18, 21ರಿಂದ 28, ಹೀಗೆ 48ರ ತನಕ. ವೈದ್ಯರು "ಮೂವತ್ತಾರು" ಅಂದರೆ ಎಡಗಡೆ ಕೆಳಗಿನ ಮೊದಲ ದವಡೆ ಹಲ್ಲು ಅಂತ ತಕ್ಷಣ ಹೊಳೆಯಬೇಕು.

ಕಷ್ಟ ಇರುವುದು ಕೈಯಲ್ಲಿ. ಗಾರೆ ಬಿಡಿಸುವ ಉಪಕರಣವಾದ ಸ್ಕೇಲರ್ ಅನ್ನು ಪೆನ್ ಹಿಡಿದ ಹಾಗೆ ಹಿಡಿಯಬೇಕು, ಆದರೆ ಮಧ್ಯದ ಬೆರಳಿನ ತುದಿ ಉಪಕರಣದ ಮೇಲೇ ಕೂತಿರಬೇಕು. ಉಂಗುರದ ಬೆರಳು ಪಕ್ಕದ ಹಲ್ಲಿನ ಮೇಲೆ ಗಟ್ಟಿಯಾಗಿ ಊರಿರಬೇಕು. ಆ ಊರಿದ ಬೆರಳೇ ಎಲ್ಲ. ಅದಿಲ್ಲದೆ ಎಳೆದರೆ ಬ್ಲೇಡು ಜಾರಿ ಒಸಡನ್ನೋ ನಾಲಿಗೆಯನ್ನೋ ಕೊಯ್ಯುತ್ತದೆ. ಒತ್ತಡ ಬೆರಳಿನಿಂದ ಬರಬಾರದು, ಮುಂಗೈ ತಿರುಗಿಸಿ ಬರಬೇಕು. ನಮ್ಮ ಬ್ಯಾಚಿನಲ್ಲಿ ಪ್ಲಾಸ್ಟಿಕ್ ಹಲ್ಲಿನ ಮಾದರಿಗೆ ನೇಲ್ ಪಾಲಿಶ್ ಬಳಿದು ಒಣಗಿಸಿ, ಅದನ್ನು ಕೆರೆದು ತೆಗೆಯುತ್ತಾ ಕೂರುತ್ತಿದ್ದೆವು. ಬಣ್ಣ ಹೋಗಬೇಕು, ಪ್ಲಾಸ್ಟಿಕ್‌ನ ಮೇಲೆ ಗೀರು ಬೀಳಬಾರದು. ಮೊದಲ ತಿಂಗಳು ನನ್ನ ಮಾದರಿಯ ತುಂಬ ಗೀರುಗಳೇ. ಕೈ ಬಂದದ್ದು ಮೂರನೆಯ ತಿಂಗಳಿಗೆ.

ಪ್ರೋಬ್ ಎಂಬ ಸಣ್ಣ ಅಳತೆಕಡ್ಡಿಯನ್ನು ಪ್ರೀತಿಯಿಂದ ಕಲಿಯಿರಿ. ವಿಲಿಯಮ್ಸ್ ಪ್ರೋಬ್‌ನಲ್ಲಿ 1, 2, 3, 5, 7, 8, 9, 10 ಮಿಲಿಮೀಟರ್‌ಗೆ ಗೆರೆಗಳಿರುತ್ತವೆ. 4, 6 ಇರುವುದಿಲ್ಲ. ಗೆರೆಗಳು ಒತ್ತೊತ್ತಾಗಿದ್ದರೆ ಬಾಯೊಳಗಿನ ಮಬ್ಬು ಬೆಳಕಿನಲ್ಲಿ ಕಣ್ಣು ತಪ್ಪುತ್ತದೆ ಅಂತ ಹಾಗೆ ಮಾಡಿರುವುದು. ಹಲ್ಲಿಗೂ ಒಸಡಿಗೂ ನಡುವಿನ ಸಂದಿಗೆ ಇದನ್ನು ಮೆತ್ತಗೆ ಇಳಿಸಿ ನಡೆಸಬೇಕು. ಮೂರು ಮಿಲಿಮೀಟರ್ ಒಳಗಿದ್ದರೆ ಒಸಡು ಚೆನ್ನಾಗಿದೆ. ಐದು, ಆರಕ್ಕೆ ಇಳಿದರೆ, ಕೂಡಲೇ ರಕ್ತ ಬಂದರೆ, ಒಳಗೆ ರೋಗ ಕೂತಿದೆ. ಬರೆದು ವೈದ್ಯರಿಗೆ ತೋರಿಸಬೇಕು.

ಅಲ್ಟ್ರಾಸಾನಿಕ್ ಸ್ಕೇಲರ್ ಸೆಕೆಂಡಿಗೆ ಇಪ್ಪತ್ತೈದರಿಂದ ಮೂವತ್ತು ಸಾವಿರ ಸಲ ಕಂಪಿಸುತ್ತದೆ. ಅದರ ತುದಿಯ ಚೂಪನ್ನು ಹಲ್ಲಿಗೆ ನೆಟ್ಟಗೆ ಚುಚ್ಚಬಾರದು. ಪಕ್ಕವನ್ನು ಹಲ್ಲಿಗೆ ಒರಗಿಸಿ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಬೇಕು. ನೀರು ನಿಂತರೆ ನೀವೂ ನಿಲ್ಲಿಸಿ, ತುದಿ ಕಾದು ಹಲ್ಲಿನ ಜೀವಕ್ಕೆ ತಾಗುತ್ತದೆ. ಶುರು ಮಾಡುವ ಮೊದಲು ಸಕ್ಕರೆ ಕಾಯಿಲೆ, ಬಿಪಿ, ರಕ್ತ ತೆಳು ಮಾಡುವ ಮಾತ್ರೆ, ಪೇಸ್‌ಮೇಕರ್, ಬಸಿರು, ಇಷ್ಟನ್ನೂ ಕೇಳುವುದು ಅಭ್ಯಾಸವಾಗಲಿ.

ಕೆಲವರು ಮೆಷಿನ್ ಇದೆಯಲ್ಲ ಅಂತ ಕೈ ಉಪಕರಣ ಕಲಿಯುವುದಿಲ್ಲ. ಅದು ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ. ಒಸಡಿನ ಕೆಳಗೆ ಉಳಿದ ಗಾರೆಯ ಚೂರು ಕಣ್ಣಿಗೆ ಕಾಣುವುದಿಲ್ಲ. ಚೂಪಾದ ಕ್ಯುರೆಟ್ (ಒಸಡಿನ ಕೆಳಗೆ ಕೆರೆಯುವ ಕೈ ಉಪಕರಣ) ಹಿಡಿದ ಬೆರಳಿಗೆ ಮಾತ್ರ ಅದು ಗೊತ್ತಾಗುತ್ತದೆ. ಕ್ಯುರೆಟ್ ಮೊಂಡಾದರೆ ಗಾರೆಯ ಮೇಲೆ ಉಜ್ಜಿ ಅದನ್ನೇ ನುಣುಪು ಮಾಡಿಬಿಡುತ್ತದೆ. ಹಾಗಾಗಿ ಸಾಣೆ ಹಿಡಿಯುವುದನ್ನೂ ಕಲಿಯಬೇಕು. ಸಾಣೆ ಹಿಡಿದ ಮೇಲೆ ಬ್ಲೇಡನ್ನು ಪ್ಲಾಸ್ಟಿಕ್ ಕಡ್ಡಿಗೆ ತಾಗಿಸಿ. ಕಚ್ಚಿ ನಿಂತರೆ ಚೂಪು, ಜಾರಿದರೆ ಇನ್ನೂ ಬೇಕು.

ನಿಮ್ಮ ಜೀವದ ರಕ್ಷಣೆ

ಕ್ಲಿನಿಕಲ್, ಅಂದರೆ ರೋಗಿಗಳ ಮೇಲಿನ ಅಭ್ಯಾಸ, ಶುರುವಾಗುವ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ: ಇವತ್ತು ಒಂದು, ಒಂದು ತಿಂಗಳಿಗೆ ಇನ್ನೊಂದು, ಆರನೆಯ ತಿಂಗಳಿಗೆ ಮೂರನೆಯದು. ನಾವು ದಿನವಿಡೀ ರಕ್ತ, ಜೊಲ್ಲಿನ ತುಂತುರಿನಲ್ಲಿ ಇರುತ್ತೇವೆ. ಮಾಸ್ಕ್, ಕನ್ನಡಕ, ಗ್ಲೌಸ್ ಪ್ರತಿ ರೋಗಿಗೂ ಕಡ್ಡಾಯ. ಉಪಕರಣಗಳನ್ನು ಮೊದಲು ಉಜ್ಜಿ ತೊಳೆದು, ಪೌಚ್‌ನಲ್ಲಿಟ್ಟು, ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಮಾಡಬೇಕು, 121 ಡಿಗ್ರಿಗೆ ಮೂವತ್ತು ನಿಮಿಷ. ಬರೀ ದ್ರಾವಣದಲ್ಲಿ ಅದ್ದಿ ಮುಂದಿನ ಬಾಯಿಗೆ ಹಾಕಿ ಅಂತ ಯಾರು ಹೇಳಿದರೂ, ಮಾಲೀಕರೇ ಹೇಳಿದರೂ, ಆಗುವುದಿಲ್ಲ ಅನ್ನಿ. ಅಂಥ ಕಡೆ ಕೆಲಸ ಬಿಟ್ಟು ಬಂದಿದ್ದೇನೆ, ಅದರ ಬಗ್ಗೆ ಇವತ್ತಿಗೂ ಬೇಸರವಿಲ್ಲ.

ಮಾತು ಕಲಿಯಬೇಕು

ಇದನ್ನು ಯಾವ ಕಾಲೇಜೂ ಸರಿಯಾಗಿ ಕಲಿಸುವುದಿಲ್ಲ. ನಮ್ಮ ಕಡೆ ಊಟ ಆದಮೇಲೆ ಎಲೆಅಡಿಕೆ ಹಾಕದಿದ್ದರೆ ಹಿರಿಯರಿಗೆ ಸಮಾಧಾನವಿಲ್ಲ. ಸುಣ್ಣ, ಅಡಿಕೆ, ಕೆಲವರಿಗೆ ಹೊಗೆಸೊಪ್ಪು, ಎಲ್ಲ ಸೇರಿ ಹಲ್ಲು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಮದ್ದೂರು ಕಡೆಯ ಒಬ್ಬರು ತಾತ ಮೊಮ್ಮಗನ ಬಲವಂತಕ್ಕೆ ಬಂದು ಕುರ್ಚಿಯಲ್ಲಿ ಕೂತರು. ಬಾಯಿ ಮಾತ್ರ ತೆರೆಯಲಿಲ್ಲ.

"ಹಲ್ ಕಿಲೀನ್ ಮಾಡ್ಸುದ್ರೆ ಹಲ್ಲೆಲ್ಲಾ ಅಲ್ಲಾಡ್ತವಂತೆ ಕಣವ್ವ. ನಮ್ಮೂರಲ್ಲಿ ಎಲ್ರೂ ಅಂಗೇ ಅಂತಾರೆ."

"ತಾತ, ನಿಮ್ಮನೆ ಗೋಡೆ ಬುಡದಲ್ಲಿ ಗೆದ್ಲು ಗೂಡು ಕಟ್ಟಿದ್ರೆ ಹಂಗೇ ಬುಡ್ತೀರಾ?"

"ಎಲ್ಲಾರ ಉಂಟಾ? ಕೆದಕಿ ತೆಗೀತೀನಿ."

"ತೆಗೆದಾಗ ಗೋಡೆ ತೂತು ಕಾಣುತ್ತೆ. ತೂತು ಮಾಡಿದ್ದು ನೀವಾ, ಗೆದ್ಲಾ?"

ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಬಾಯಿ ತೆರೆದರು. ಗಾರೆ ಬಂದು ಮೂಳೆ ಕರಗಿ ಹಲ್ಲು ಸಡಿಲವಾಗಿರುತ್ತದೆ. ಗಾರೆಯೇ ಅಕ್ಕಪಕ್ಕದ ಹಲ್ಲುಗಳನ್ನು ಕಟ್ಟಿ ಹಿಡಿದಿರುವುದರಿಂದ ಅದು ತಿಳಿಯುವುದಿಲ್ಲ. ತೆಗೆದ ಕೂಡಲೇ ಅಲ್ಲಾಟ ಕಾಣುತ್ತದೆ, ಜನ ಸ್ಕೇಲಿಂಗ್‌ನ ಮೇಲೆ ತಪ್ಪು ಹೊರಿಸುತ್ತಾರೆ. ಇದನ್ನು ಕೆಲಸ ಶುರುವಾಗುವ ಮುಂಚೆಯೇ ಕನ್ನಡಿ ಕೊಟ್ಟು ತೋರಿಸಿ ಹೇಳಬೇಕು. ಮುಗಿದ ಮೇಲೆ ಹೇಳಿದರೆ ನೆಪ ಹೇಳಿದಂತೆ ಕೇಳಿಸುತ್ತದೆ.

ಬಾಯಿ ನೋಡುವಾಗ ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ಎರಡನ್ನೂ ಬಿಡದೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬಿಳಿ ಮಚ್ಚೆ, ಎರಡು ವಾರವಾದರೂ ಮಾಗದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡರೆ ಆಗಲೇ ವೈದ್ಯರನ್ನು ಕರೆಯಿರಿ. ಅದೇನೆಂದು ಹೇಳುವುದು ನಮ್ಮ ಕೆಲಸವಲ್ಲ. ಕಂಡದ್ದನ್ನು ತೋರಿಸದೆ ಇರುವುದು ಮಾತ್ರ ಅಪರಾಧ.

ಬ್ರಷ್ ಮಾಡುವುದನ್ನು ಬಾಯಲ್ಲಿ ಹೇಳಬೇಡಿ, ಮಾಡಿ ತೋರಿಸಿ. ಎಳೆಗಳು ಒಸಡಿನ ಅಂಚಿಗೆ ನಲವತ್ತೈದು ಡಿಗ್ರಿ ಓರೆಯಾಗಿರಲಿ, ಅಲ್ಲೇ ಮೆತ್ತಗೆ ನಡುಗಿಸಿ, ಆಮೇಲೆ ಹಲ್ಲಿನ ಕಡೆಗೆ ಸವರಬೇಕು. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು ಹಾಕಿ ಉಜ್ಜುವವರಿಗೆ ಬೈಯಬೇಡಿ. ಸವೆದ ಹಲ್ಲನ್ನು ಕನ್ನಡಿಯಲ್ಲಿ ತೋರಿಸಿದರೆ ಸಾಕು.

ನೋಂದಣಿ

ಡಿಪ್ಲೊಮಾ ಕೈಗೆ ಬಂದ ವಾರವೇ ಬೆಂಗಳೂರಿನ ಕರ್ನಾಟಕ ರಾಜ್ಯ ದಂತ ಪರಿಷತ್ತಿಗೆ ಅರ್ಜಿ ಹಾಕಿ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಪ್ಲೊಮಾ ಅಂಕಪಟ್ಟಿಗಳು, ಡಿಪ್ಲೊಮಾ ಪ್ರಮಾಣಪತ್ರ, ಆಧಾರ್, ಫೋಟೊಗಳ ಮೂಲ ಮತ್ತು ನಕಲು ಜೊತೆಗಿರಲಿ. ನೋಂದಣಿ ಸಂಖ್ಯೆ ಬರುವ ತನಕ ಯಾವ ಕ್ಲಿನಿಕ್‌ನಲ್ಲೂ ಸ್ಕೇಲಿಂಗ್‌ಗೆ ಕೂರಬೇಡಿ. ನವೀಕರಣದ ದಿನಾಂಕವನ್ನು ಫೋನಿನಲ್ಲಿ ಗುರುತು ಹಾಕಿಡಿ.

ಕೆಲಸ ಹುಡುಕುವುದು

ನನ್ನ ಮೊದಲ ಸಂಬಳ ತಿಂಗಳಿಗೆ ಒಂಬತ್ತು ಸಾವಿರ. ಕಷ್ಟವಾಗಿತ್ತು, ಸುಳ್ಳು ಹೇಳುವುದಿಲ್ಲ. ಖಾಸಗಿ ಕ್ಲಿನಿಕ್‌ಗಳಲ್ಲಿ ಶುರುವಿನಲ್ಲಿ ಕಡಿಮೆಯೇ ಕೊಡುತ್ತಾರೆ. ವರ್ಷ ಕಳೆದು, ರೋಗಿಗಳು "ಆ ಮೇಡಂ ಹತ್ರಾನೇ ಮಾಡಿಸ್ತೀವಿ" ಅನ್ನತೊಡಗಿದ ಮೇಲೆ ಮಾತಾಡುವ ಬಲ ನಿಮ್ಮ ಕಡೆ ಬರುತ್ತದೆ. ಸಂದರ್ಶನಕ್ಕೆ ಹೋದಾಗ ಸಂಬಳದ ಜೊತೆ ಇನ್ನೂ ಮೂರು ವಿಷಯ ಕೇಳಿ: ದಿನಕ್ಕೆ ಎಷ್ಟು ರೋಗಿಗಳು, ಸ್ಕೇಲರ್ ತುದಿಗಳ ಎಷ್ಟು ಸೆಟ್ ಇದೆ, ಆಟೊಕ್ಲೇವ್ ಎಲ್ಲಿದೆ. ಆಟೊಕ್ಲೇವ್ ತೋರಿಸಲು ಹಿಂಜರಿದರೆ ಉತ್ತರ ಸಿಕ್ಕಿದ ಹಾಗೆ.

ಕುವೆಂಪುನಗರ, ಸರಸ್ವತಿಪುರಂ ಕಡೆಯ ದೊಡ್ಡ ಕ್ಲಿನಿಕ್‌ಗಳು, ದಂತ ಕಾಲೇಜುಗಳ ಒಸಡಿನ ವಿಭಾಗ, ಬೆಂಗಳೂರಿನ ಸರಣಿ ಕ್ಲಿನಿಕ್‌ಗಳು ಮೊದಲ ಹುಡುಕಾಟಕ್ಕೆ ಸರಿ. ಸರ್ಕಾರಿ ಕೆಲಸ ಬೇಕೆಂದರೆ ರೈಲ್ವೆಯ ಪ್ಯಾರಾಮೆಡಿಕಲ್ ನೇಮಕಾತಿ ಗಮನಿಸಿ. 2024ರ ನೇಮಕಾತಿಯಲ್ಲಿ ಡೆಂಟಲ್ ಹೈಜೀನಿಸ್ಟ್ ಹುದ್ದೆ ಇತ್ತು, ಏಳನೆಯ ವೇತನ ಆಯೋಗದ ಆರನೆಯ ಹಂತ, ಮೂಲವೇತನ 35,400 ರೂಪಾಯಿ. ಹುದ್ದೆಗಳು ದೇಶಕ್ಕೆಲ್ಲ ಬೆರಳೆಣಿಕೆಯಷ್ಟು. ಡಿಪ್ಲೊಮಾ ಜೊತೆಗೆ ಜೀವಶಾಸ್ತ್ರದ ಪದವಿ, ಎರಡು ವರ್ಷದ ಅನುಭವವನ್ನೂ ಕೇಳಿದ್ದರು. ಆದ್ದರಿಂದ ಕೆಲಸ ಮಾಡುತ್ತಲೇ ಒಂದು ಬಿಎಸ್‌ಸಿಗೆ ದಾರಿಯಿದ್ದರೆ ಯೋಚಿಸಿ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ಗಳೂ ಗುತ್ತಿಗೆ ಮೇಲೆ ಹೈಜೀನಿಸ್ಟ್‌ಗಳನ್ನು ತೆಗೆದುಕೊಳ್ಳುತ್ತವೆ. ಸೇರಿದ ಮೊದಲ ದಿನದಿಂದಲೇ ಅನುಭವ ಪತ್ರದ ಬಗ್ಗೆ ಎಚ್ಚರವಿರಲಿ: ಲೆಟರ್‌ಹೆಡ್, ಸೇರಿದ ಮತ್ತು ಬಿಟ್ಟ ದಿನಾಂಕ, "ಡೆಂಟಲ್ ಹೈಜೀನಿಸ್ಟ್" ಎಂಬ ಪದನಾಮ. "ಅಸಿಸ್ಟೆಂಟ್" ಅಂತ ಬರೆದುಕೊಟ್ಟರೆ ತಿದ್ದಿಸಿಕೊಳ್ಳಿ, ಮುಂದೆ ಆ ವರ್ಷಗಳು ಲೆಕ್ಕಕ್ಕೆ ಬರದೇ ಹೋಗಬಹುದು.

ಕೊಲ್ಲಿ ದೇಶಗಳಿಗೆ ಹೋಗುವವರಿಗೆ ಈ ಪತ್ರವೇ ಜೀವಾಳ. ಅಲ್ಲಿ ಪ್ರಮಾಣಪತ್ರಗಳನ್ನು ಡೇಟಾಫ್ಲೋ ಎಂಬ ಪರಿಶೀಲನಾ ಸಂಸ್ಥೆಯ ಮೂಲಕ ಮೂಲದಲ್ಲೇ ಪರಿಶೀಲಿಸುತ್ತಾರೆ, ಪರೀಕ್ಷೆಯೂ ಇರುತ್ತದೆ. ಅಮೆರಿಕದಲ್ಲಿ ಕೆಲಸ ಮಾಡಲು ಸಾಮಾನ್ಯವಾಗಿ ಅಲ್ಲಿನ ಮಾನ್ಯತೆ ಇರುವ ಕೋರ್ಸನ್ನೇ ಓದಿ ಪರೀಕ್ಷೆ ಬರೆಯಬೇಕು. ನಮ್ಮ ಡಿಪ್ಲೊಮಾದ ಮೇಲೆ ನೇರವಾಗಿ ಕಳಿಸುತ್ತೇನೆ ಅನ್ನುವ ಏಜೆಂಟರಿಗೆ ದುಡ್ಡು ಕೊಡಬೇಡಿ.

ಇನ್ನೊಂದು, ಕತ್ತು ಮತ್ತು ಬೆನ್ನು. ಬಾಯೊಳಗೆ ಕಾಣಲಿಲ್ಲ ಅಂತ ಬಗ್ಗಿ ಬಗ್ಗಿ ನೋಡುವುದು ಎಲ್ಲರ ಅಭ್ಯಾಸ. ರೋಗಿಯ ಕುರ್ಚಿಯನ್ನು ಪೂರ್ತಿ ಮಲಗಿಸಿ, ರೋಗಿಯ ಬಾಯಿ ನಿಮ್ಮ ಮೊಣಕೈ ಮಟ್ಟಕ್ಕೆ ಬರಲಿ, ಮೇಲಿನ ಹಲ್ಲುಗಳನ್ನು ಕನ್ನಡಿಯಲ್ಲೇ ನೋಡಿ ಮಾಡುವುದನ್ನು ಮೊದಲ ವರ್ಷವೇ ರೂಢಿಸಿಕೊಳ್ಳಿ. ನಾನು ಇದನ್ನು ನಾಲ್ಕನೆಯ ವರ್ಷದಲ್ಲಿ, ಕತ್ತು ಹಿಡಿದು ಹದಿನೈದು ದಿನ ರಜೆ ಹಾಕಿದ ಮೇಲೆ ಕಲಿತೆ.